ಏವನ್ ಕಂಪನಿಯ ‘ಒಂದು ಹಾಳೆ’: ಸಂಬಳದ ಪಟ್ಟಿಯಲ್ಲಿದ್ದವರನ್ನು ಅಳೆದರು, ಹೊರಗಿದ್ದವರನ್ನು?

ಹಳೆಯ ಎಚ್‌ಆರ್, ಬೆಂಗಳೂರು

ಮಾನವ ಸಂಪನ್ಮೂಲ ವಿಭಾಗದಲ್ಲಿ ಕೆಲಸ ಮಾಡಿದವರಿಗೆ, ಸೌಂದರ್ಯ ಸಾಮಗ್ರಿಗಳನ್ನು ಮನೆಮನೆಗೆ ಮಾರುವ ಅಮೆರಿಕದ ಏವನ್ ಕಂಪನಿಯ ಕಥೆ ಹೊಸದಲ್ಲ. ತರಬೇತಿಗೆ ಬರುವ ಸಲಹೆಗಾರರು ಎರಡನೆಯ ದಿನದ ಮಧ್ಯಾಹ್ನ, ಊಟ ಮುಗಿಸಿ ಎಲ್ಲರೂ ತೂಕಡಿಸುವ ಹೊತ್ತಿಗೆ ಸರಿಯಾಗಿ ಅದನ್ನು ಹೇಳುತ್ತಾರೆ. ನಾನೂ ಹಲವು ಬಾರಿ ಹೇಳಿದ್ದೇನೆ. ನಿವೃತ್ತನಾದ ಮೇಲೆ, ಆ ಕಥೆಯನ್ನು ನಾನು ಅರ್ಧಕ್ಕೇ ನಿಲ್ಲಿಸುತ್ತಿದ್ದೆನೇನೋ ಎಂಬ ಅನುಮಾನ ಕಾಡತೊಡಗಿದ್ದರಿಂದ ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಮನೆಮನೆಗೆ ಪುಸ್ತಕ ಮಾರುತ್ತಿದ್ದ ಡೇವಿಡ್ ಮೆಕಾನೆಲ್ ಎಂಬವರು, ಪುಸ್ತಕಕ್ಕಿಂತ ಅದರ ಜೊತೆ ಪುಕ್ಕಟೆಯಾಗಿ ಕೊಡುತ್ತಿದ್ದ ಅತ್ತರಿನ ಪುಟ್ಟ ಸೀಸೆಯೇ ಹೆಂಗಸರಿಗೆ ಹೆಚ್ಚು ಹಿಡಿಸುತ್ತಿದೆ ಎಂಬುದನ್ನು ಗಮನಿಸಿ, 1886ರಲ್ಲಿ ನ್ಯೂಯಾರ್ಕ್‌ನಲ್ಲಿ ಕ್ಯಾಲಿಫೋರ್ನಿಯಾ ಪರ್ಫ್ಯೂಮ್ ಕಂಪನಿಯನ್ನು ಆರಂಭಿಸಿದರು. ಮೊದಲ ಮಾರಾಟ ಪ್ರತಿನಿಧಿ ನ್ಯೂಹ್ಯಾಂಪ್‌ಶೈರ್‌ನ ವಿಂಚೆಸ್ಟರ್ ಊರಿನ ಪರ್ಸಿಸ್ ಆಲ್ಬಿ ಎಂಬ ಮಹಿಳೆ. ಅಮೆರಿಕದ ಹೆಂಗಸರಿಗೆ ಮತದಾನದ ಹಕ್ಕು ಸಿಗಲು ಆಗಿನ್ನೂ ಮೂವತ್ತನಾಲ್ಕು ವರ್ಷ ಬಾಕಿಯಿತ್ತು ಎಂಬುದನ್ನು ನೆನೆದರೆ, ಗೃಹಿಣಿಯೊಬ್ಬಳ ಕೈಗೆ ಸ್ವಂತ ಸಂಪಾದನೆ ಕೊಡುವ ಆ ಏರ್ಪಾಡು ಎಂಥದ್ದಾಗಿತ್ತು ಎಂಬುದು ತಿಳಿಯುತ್ತದೆ. 1939ರಲ್ಲಿ ಕಂಪನಿಯ ಹೆಸರು ಏವನ್ ಎಂದಾಯಿತು. 1954ರಲ್ಲಿ ವೆನೆಜುವೆಲಾ ಮತ್ತು ಪೋರ್ಟೊರಿಕೊಗಳಿಗೆ ಕಾಲಿಟ್ಟ ಕಂಪನಿ, ಅರ್ಧ ಶತಮಾನದಲ್ಲಿ ನೂರಕ್ಕೂ ಹೆಚ್ಚು ದೇಶಗಳಿಗೆ ಹರಡಿತು. 2005ರ ವೇಳೆಗೆ ವಾರ್ಷಿಕ ವರಮಾನ ಸುಮಾರು 810 ಕೋಟಿ ಡಾಲರ್, ಸಂಬಳದ ನೌಕರರು 40 ಸಾವಿರಕ್ಕೂ ಹೆಚ್ಚು, ಮನೆಮನೆಗೆ ಹೋಗಿ ಮಾರುವ ಸ್ವತಂತ್ರ ಪ್ರತಿನಿಧಿಗಳು ಸುಮಾರು 50 ಲಕ್ಷ. ಈ ಕೊನೆಯ ಎರಡು ಅಂಕಿಗಳನ್ನು ದಯವಿಟ್ಟು ನೆನಪಿನಲ್ಲಿಡಿ. ನನ್ನ ಪ್ರಶ್ನೆ ಅವುಗಳ ನಡುವಿನ ಅಂತರದಲ್ಲಿದೆ.

1999ರ ನವೆಂಬರ್‌ನಲ್ಲಿ ಆಂಡ್ರಿಯಾ ಜಂಗ್ ಸಿಇಒ ಆದರು. ಹೆಂಗಸರಿಂದಲೇ ನಡೆಯುತ್ತಿದ್ದ ಆ ಕಂಪನಿಯ ಚುಕ್ಕಾಣಿ ಹೆಂಗಸೊಬ್ಬರ ಕೈಗೆ ಬರಲು 113 ವರ್ಷ ಹಿಡಿಯಿತು. ಮೊದಲ ಐದಾರು ವರ್ಷ ಬೆಳವಣಿಗೆ ಸೊಗಸಾಗಿಯೇ ಇತ್ತು. 2005ರಲ್ಲಿ ತಟ್ಟನೆ ನಿಂತಿತು. ಕಾರಣ ಹುಡುಕಿ ನೋಡಿದರೆ ಅಂಗಡಿ ದೊಡ್ಡದಾಗಿತ್ತು, ಲೆಕ್ಕದ ಪುಸ್ತಕ ಮಾತ್ರ ಹಳೆಯದೇ ಉಳಿದಿತ್ತು. ಪ್ರತಿ ದೇಶದ ಮುಖ್ಯಸ್ಥರೂ ತಮ್ಮ ತಮ್ಮ ಸೀಮೆಯ ಪಾಳೆಯಗಾರರಂತೆ ಉತ್ಪಾದನೆ, ಜಾಹೀರಾತು, ನೇಮಕಾತಿ ಎಲ್ಲವನ್ನೂ ಸ್ವತಂತ್ರವಾಗಿ ನಡೆಸುತ್ತಿದ್ದರು. ತುದಿಯಿಂದ ಬುಡದವರೆಗೆ ಆಡಳಿತದ ಹಂತಗಳು 15 ಇದ್ದವು. ಆ ವರ್ಷದ ನವೆಂಬರ್‌ನಲ್ಲಿ ಘೋಷಿಸಿದ ಪುನರ್ರಚನೆಯಲ್ಲಿ ಹಂತಗಳನ್ನು 8ಕ್ಕೆ ಇಳಿಸಿ, ಮ್ಯಾನೇಜರ್‌ಗಳಲ್ಲಿ ಮೂರರಲ್ಲೊಬ್ಬರಿಗೆ ಸಮೀಪದಷ್ಟು ಜನರನ್ನು ಕಳುಹಿಸಿ, ಬ್ರ್ಯಾಂಡ್ ಮತ್ತು ಪೂರೈಕೆಯ ಹೊಣೆಯನ್ನು ದೇಶಗಳ ಕೈಯಿಂದ ತೆಗೆದು ಜಾಗತಿಕ ವಿಭಾಗಗಳಿಗೆ ಕೊಟ್ಟರು.

ಉಳಿದವರಲ್ಲಿ ಯಾರು ಸಮರ್ಥರು ಎಂಬ ಪ್ರಶ್ನೆ ಬಂದಾಗ ಉತ್ತರ ಕೊಡಬಲ್ಲ ವ್ಯವಸ್ಥೆಯೇ ಇರಲಿಲ್ಲ. ಆಗ ಪ್ರತಿಭಾ ನಿರ್ವಹಣೆಯ, ಅಂದರೆ ಸಮರ್ಥರನ್ನು ಗುರುತಿಸಿ ಬೆಳೆಸುವ ಕೆಲಸದ, ಹೊಣೆ ಹೊತ್ತು ಬಂದವರು ಮಾರ್ಕ್ ಎಫ್ರಾನ್. ಹಲವು ಪುಟಗಳಿದ್ದ ಮೌಲ್ಯಮಾಪನದ ನಮೂನೆಯನ್ನು ಅವರು ಒಂದು ಹಾಳೆಗೆ ಇಳಿಸಿದರು. ಮುಚ್ಚಿಟ್ಟದ್ದನ್ನು ತೆರೆದಿಡಬೇಕು, ಜಟಿಲವಾದದ್ದನ್ನು ಸರಳಗೊಳಿಸಬೇಕು, ಎಲ್ಲರಿಗೂ ಸಮನಾಗಿ ಹಂಚುತ್ತಿದ್ದ ಹೂಡಿಕೆಯನ್ನು ಯೋಗ್ಯತೆಗೆ ತಕ್ಕಂತೆ ಕೊಡಬೇಕು, ನೆನಪಾದಾಗ ಮಾಡುತ್ತಿದ್ದುದನ್ನು ಶಿಸ್ತಿನಿಂದ ಮಾಡಬೇಕು, ಭಾವನೆಯ ಜಾಗದಲ್ಲಿ ಆಧಾರವಿರಬೇಕು, ಮಾಡಿದ ಮೌಲ್ಯಮಾಪನಕ್ಕೆ ಏನಾದರೂ ಪರಿಣಾಮವಿರಬೇಕು ಎಂಬುದು ಅವರ ಸೂತ್ರ. ಸಹೋದ್ಯೋಗಿಗಳಿಂದ ಸಂಗ್ರಹಿಸುವ 360 ಡಿಗ್ರಿ ಅಭಿಪ್ರಾಯದಲ್ಲಿ ಅಂಕ ಕೊಡುವುದನ್ನೇ ಬಿಟ್ಟು, ‘ಈ ನಡವಳಿಕೆ ಹೆಚ್ಚಾಗಲಿ, ಇದು ಕಡಿಮೆಯಾಗಲಿ’ ಎಂದು ಹೇಳುವ ಪದ್ಧತಿ ತಂದರು. ನನ್ನ ಮಟ್ಟಿಗೆ ಇದು ಇಂದಿಗೂ ಒಪ್ಪುವಂಥ ಕೆಲಸ. ನಮ್ಮ ಅಪ್ರೈಸಲ್ ನಮೂನೆಗಳನ್ನು ಮಾರ್ಚ್ 31ರ ರಾತ್ರಿ ಕಳೆದ ವರ್ಷದ್ದನ್ನೇ ನಕಲು ಮಾಡಿ ತುಂಬುವುದನ್ನು ಕಂಡವನು ನಾನು.

ತರಬೇತಿಯಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ನಿಜಕ್ಕೂ ಅದು ಮುಗಿದದ್ದು ಬೇರೆ ಕಡೆ. 2012ರಲ್ಲಿ ಜಂಗ್ ಅವರು ಸಿಇಒ ಹುದ್ದೆ ಬಿಟ್ಟಾಗ ಆ ಜಾಗಕ್ಕೆ ಬಂದವರು ಜಾನ್ಸನ್ ಅಂಡ್ ಜಾನ್ಸನ್‌ನಿಂದ ಕರೆತಂದ ಶೆರಿಲಿನ್ ಮೆಕಾಯ್. 2018ರಲ್ಲಿ ಅವರ ಜಾಗಕ್ಕೆ ಬಂದ ಯಾನ್ ಜೈಲ್ಡರ್‌ವೆಲ್ಡ್ ಯೂನಿಲಿವರ್‌ನವರು. 2016ರಲ್ಲಿ ಕಂಪನಿ ಹುಟ್ಟಿದ ನೆಲವಾದ ಉತ್ತರ ಅಮೆರಿಕದ ವ್ಯವಹಾರವೇ ಬಹುಪಾಲು ಬೇರೆಯವರ ಕೈ ಸೇರಿತು. 2020ರ ಜನವರಿಯಲ್ಲಿ ಉಳಿದದ್ದನ್ನು ಬ್ರೆಜಿಲ್‌ನ ನಾಟುರಾ ಕೊಂಡಿತು. ಅಷ್ಟು ಮೆಚ್ಚುಗೆ ಪಡೆದ ಪ್ರತಿಭಾ ನಿರ್ವಹಣೆ ಹತ್ತು ವರ್ಷಗಳಲ್ಲಿ ಒಬ್ಬ ಉತ್ತರಾಧಿಕಾರಿಯನ್ನೂ ಕೊಡಲಿಲ್ಲವೇಕೆ? ಮಾರಾಟವನ್ನೆಲ್ಲ ಹೊತ್ತಿದ್ದ 50 ಲಕ್ಷ ಹೆಂಗಸರು ಆ ಒಂದು ಹಾಳೆಯಲ್ಲಿ ಎಲ್ಲಿದ್ದರು? ಬಲ್ಲವರು ಹೇಳಬೇಕು.

ಲೆಕ್ಕಿಗ, ಮಂಗಳೂರು

ಪ್ರಶ್ನೆ ಒಳ್ಳೆಯದು, ಆದರೆ ಏವನ್ ಕುಸಿದದ್ದಕ್ಕೆ ಎಚ್‌ಆರ್ ನಮೂನೆಯನ್ನು ಹೊಣೆ ಮಾಡುವುದು, ಮಳೆ ಬಾರದ್ದಕ್ಕೆ ಪಂಚಾಂಗವನ್ನು ದೂರಿದಂತೆ. ಪುನರ್ರಚನೆಯಿಂದ ಉಳಿದ ಹಣ ಎಲ್ಲಿಗೆ ಹೋಯಿತು ಎಂಬುದನ್ನೂ ನೋಡಬೇಕು. 2005ರಲ್ಲಿ ಜಾಹೀರಾತಿಗೆ ಸುಮಾರು 13.6 ಕೋಟಿ ಡಾಲರ್ ಖರ್ಚು ಮಾಡಿದ್ದ ಕಂಪನಿ 2007ರಲ್ಲಿ ಅದನ್ನು ಸುಮಾರು 36.8 ಕೋಟಿಗೆ ಏರಿಸಿತು. ಪ್ರತಿನಿಧಿಗಳ ಕಮಿಷನ್, ಪ್ರೋತ್ಸಾಹಧನಗಳಿಗೂ ಒಂದು ಪಾಲು ಹೋಯಿತು. ವರಮಾನ 2011ರಲ್ಲಿ 1,130 ಕೋಟಿ ಡಾಲರ್ ಮುಟ್ಟಿತು. ಆದ್ದರಿಂದ 2005ರ ಶಸ್ತ್ರಚಿಕಿತ್ಸೆ ಆರು ವರ್ಷ ಫಲ ಕೊಟ್ಟಿತೆಂದೇ ಲೆಕ್ಕದವನಾಗಿ ನಾನು ಬರೆಯುತ್ತೇನೆ.

ಕಂಪನಿಯನ್ನು ಕೆಡಿಸಿದ್ದು ತಂತ್ರದ ಅಲೆದಾಟ. ಒಂದೇ ಉದಾಹರಣೆ ಕೊಡುತ್ತೇನೆ. 2010ರಲ್ಲಿ ಸಿಲ್ಪಾಡಾ ಎಂಬ, ಮನೆಯಲ್ಲಿ ಹೆಂಗಸರನ್ನು ಸೇರಿಸಿ ಬೆಳ್ಳಿ ಆಭರಣ ಮಾರುವ ಕಂಪನಿಯನ್ನು ಸುಮಾರು 65 ಕೋಟಿ ಡಾಲರ್ ಕೊಟ್ಟು ಕೊಂಡರು. ಅದೇ ವರ್ಷಗಳಲ್ಲಿ ಬೆಳ್ಳಿಯ ಬೆಲೆ ಗಗನಕ್ಕೇರಿತು. ಮೂರು ವರ್ಷಗಳ ನಂತರ, ಮಾರಿದವರ ಕುಟುಂಬಕ್ಕೇ ಅದನ್ನು 8.5 ಕೋಟಿಗೆ ವಾಪಸು ಕೊಟ್ಟರು. 2012ರಲ್ಲಿ ಕೋಟಿ ಎಂಬ ಸುಗಂಧದ್ರವ್ಯದ ಕಂಪನಿ (ಹೆಸರೇ ಹಾಗೆ, ನಮ್ಮ ಕೋಟಿಯಲ್ಲ) ಸಾವಿರ ಕೋಟಿ ಡಾಲರ್‌ಗೂ ಹೆಚ್ಚು ಕೊಡುತ್ತೇವೆಂದು ಬಾಗಿಲಿಗೆ ಬಂದರೂ ಮಾತುಕತೆ ಕೈಗೂಡಲಿಲ್ಲ. ನಾಟುರಾ ಒಪ್ಪಂದದ ಹೊತ್ತಿಗೆ ಷೇರುದಾರರ ಪಾಲಿನ ಬೆಲೆ ಸುಮಾರು 200 ಕೋಟಿ ಡಾಲರ್ ಅಷ್ಟೇ. ಇಂಥ ತೀರ್ಮಾನಗಳನ್ನು ಕೈಗೊಂಡವರು ಆಡಳಿತ ಮಂಡಳಿಯವರು. ಅವರ ಪ್ರತಿಭೆಯನ್ನು ಅಳೆಯುವ ಹಾಳೆ ಯಾವ ಎಚ್‌ಆರ್ ಹತ್ತಿರವೂ ಇರುವುದಿಲ್ಲ.

ಮುಖಕ್ಕೆ ತಣ್ಣೀರು

ನೇರ ಮಾರಾಟ ಎಂದರೆ ಚೈನ್ ಸ್ಕೀಮ್ ತಾನೇ? ಜನರನ್ನು ಸೇರಿಸಿದವರಿಗೆ ದುಡ್ಡು, ಸೇರಿದವರಿಗೆ ಅಟ್ಟದ ಮೇಲೆ ಕ್ರೀಮ್ ಡಬ್ಬಿಗಳು. ಇದರಲ್ಲಿ ಪ್ರತಿಭೆಯ ಮಾತು ಎಲ್ಲಿಂದ ಬಂತು?

ಹಳೆಯ ಎಚ್‌ಆರ್, ಬೆಂಗಳೂರು

ನಿಮ್ಮ ಸಿಟ್ಟಿಗೆ ಕಾರಣಗಳಿರಬಹುದು, ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಏವನ್ ಮೊದಲ ಸುಮಾರು ನೂರು ವರ್ಷ ಒಂದೇ ಹಂತದ ಪದ್ಧತಿಯಲ್ಲಿ ನಡೆಯಿತು: ಪ್ರತಿನಿಧಿ ಕ್ಯಾಟಲಾಗ್ ತೋರಿಸಿ ಆರ್ಡರ್ ಪಡೆಯುತ್ತಿದ್ದಳು, ಕಂಪನಿ ಪೆಟ್ಟಿಗೆ ಕಳುಹಿಸುತ್ತಿತ್ತು, ಆಕೆ ಹಂಚಿ ಕಮಿಷನ್ ಇಟ್ಟುಕೊಳ್ಳುತ್ತಿದ್ದಳು. ಅಮೆರಿಕದಲ್ಲಿ ಇದು ಎರಡು ವಾರಕ್ಕೊಂದು ಸುತ್ತು. ಪ್ರತಿ ಸುತ್ತಿಗೂ ಹೊಸ ಕ್ಯಾಟಲಾಗ್. ಹೊಸಬರನ್ನು ಸೇರಿಸಿದವರಿಗೆ ಅವರ ಮಾರಾಟದಲ್ಲಿ ಪಾಲು ಕೊಡುವ ಪದ್ಧತಿ ಬಂದದ್ದು ಆಮೇಲೆ. ಅದು ಬಂದ ಮೇಲೆ, ಮಾರುವವಳು ಮತ್ತು ಜನ ಸೇರಿಸುವವಳು ಒಬ್ಬಳೇ ಅಲ್ಲ, ಎರಡಕ್ಕೂ ಬೇಕಾದ ಗುಣ ಬೇರೆ ಎಂಬ ತೊಡಕು ಎದ್ದಿತು. ಅದೂ ಪ್ರತಿಭೆಯ ಪ್ರಶ್ನೆಯೇ ಆಗುತ್ತದೆ.

ಹುಬ್ಬಳ್ಳಿಯವಳು

ಸರ್, ನಾನು ಏವನ್‌ನಲ್ಲಿ ಇದ್ದವಳಲ್ಲ. ಇನ್ನೊಂದು ನೇರ ಮಾರಾಟದ ಕಾಸ್ಮೆಟಿಕ್ಸ್ ಕಂಪನಿಯಲ್ಲಿ ಆರು ವರ್ಷ ವಲಯದ ಮ್ಯಾನೇಜರ್ ಆಗಿದ್ದೆ. ಹುಬ್ಬಳ್ಳಿ, ಧಾರವಾಡ ಮತ್ತು ಸುತ್ತಲಿನ ಕೆಲವು ಊರುಗಳು ನನ್ನ ಪಾಲಿಗಿದ್ದವು. ಹೆಸರು ಹೇಳುವುದಿಲ್ಲ. ನೀವು ಕೇಳಿದ ಎರಡು ಅಂಕಿಗಳ ನಡುವಿನ ಅಂತರದಲ್ಲಿ ನಿಂತಿದ್ದವಳು ನಾನೇ: ನನಗೆ ಸಂಬಳವಿತ್ತು, ನನ್ನ ಕೆಳಗಿದ್ದ ಸುಮಾರು ಮುನ್ನೂರು ಹೆಂಗಸರಿಗೆ ಇರಲಿಲ್ಲ.

ಅವರಲ್ಲೊಬ್ಬಳ ವಿಷಯ ಹೇಳುತ್ತೇನೆ. ನವನಗರದಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಸೀರೆಗೆ ಫಾಲ್ ಹಚ್ಚುವುದು, ಬ್ಲೌಸ್ ಹೊಲಿಯುವುದು ಆಕೆಯ ಮೂಲ ಕಸುಬು. ಅಳತೆ ಕೊಡಲು ಬಂದವರಿಗೆ ಕ್ಯಾಟಲಾಗ್ ತೋರಿಸುತ್ತಿದ್ದಳು. ಲಿಪ್‌ಸ್ಟಿಕ್ಕಿನ ಸ್ಯಾಂಪಲ್ಲನ್ನು ಗಿರಾಕಿಯ ಮುಂಗೈಗೆ ಹಚ್ಚಿ, ಕೈ ಹಿಡಿದುಕೊಂಡೇ ಹೊರಗೆ ಕರೆದೊಯ್ಯುತ್ತಿದ್ದಳು. “ಅಕ್ಕಾರ, ಇಲ್ಲೆ ಹೊಸ್ತಿಲದಾಗ ಬಂದು ನೋಡ್ರಿ, ಟ್ಯೂಬ್‌ಲೈಟಿನ ಬೆಳಕಿನಾಗ ಎಲ್ಲಾ ಬಣ್ಣಾನೂ ಚಲೋನ ಕಾಣ್ತಾವ” ಎನ್ನುತ್ತಿದ್ದಳು. ಹೊಸ್ತಿಲಲ್ಲಿ ನೋಡಿ ಬೇಡವೆಂದವರಿಗೆ ಅವಳು ಒತ್ತಾಯ ಮಾಡಿದ್ದನ್ನು ನಾನು ಕಾಣಲಿಲ್ಲ. ಆ ತಿಂಗಳ ಆರ್ಡರ್ ಅದರಿಂದ ಕಡಿಮೆಯಾಗುತ್ತಿತ್ತು, ಗಿರಾಕಿ ಮಾತ್ರ ವರ್ಷಗಟ್ಟಲೆ ಅವಳನ್ನು ಬಿಡುತ್ತಿರಲಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಯಾರ ಮೈಬಣ್ಣ ಎಂಥದು, ಯಾರಿಗೆ ಯಾವ ಕ್ರೀಮಿನಿಂದ ಕೆನ್ನೆ ಉರಿದಿತ್ತು, ಯಾರ ಮನೆಗೆ ಸಂಬಳ ಯಾವ ತಾರೀಖಿಗೆ ಬರುತ್ತದೆ, ಯಾರಿಗೆ ಎಷ್ಟು ಉದ್ರಿ ಕೊಡಬಹುದು, ಎಲ್ಲವನ್ನೂ ಬರೆದಿಟ್ಟಿದ್ದಳು. ಹಿಂದೆ ಬಳೆಗಾರರಿಗೆ ಯಾವ ಮನೆಯ ಹೆಣ್ಣುಮಗಳ ಕೈ ಎಷ್ಟು ದಪ್ಪವೆಂಬುದು ಬಾಯಿಪಾಠವಾಗಿರುತ್ತಿತ್ತಲ್ಲ, ಆ ಜಾತಿಯ ವಿದ್ಯೆ ಅದು.

ನನ್ನ ವಾರ್ಷಿಕ ಮೌಲ್ಯಮಾಪನದಲ್ಲಿ ಇದ್ದ ಅಂಕಣಗಳು ಮೂರು: ಈ ವರ್ಷ ಹೊಸದಾಗಿ ಸೇರಿದವರು ಎಷ್ಟು, ಒಟ್ಟು ಆರ್ಡರ್ ಎಷ್ಟು, ಸಕ್ರಿಯರು ಶೇಕಡಾ ಎಷ್ಟು. ನನ್ನ ವಲಯದಲ್ಲಿ ಹೆಂಗಸರು ಬಿಟ್ಟುಹೋಗುವುದು ಕಡಿಮೆಯಿದ್ದುದರಿಂದ ಹೊಸಬರನ್ನು ಸೇರಿಸುವ ಅವಸರ ನನಗಿರಲಿಲ್ಲ. ಮಹಾರಾಷ್ಟ್ರದ ಒಂದು ವಲಯದಲ್ಲಿ ಪ್ರತಿ ತಿಂಗಳು ನೂರು ಜನ ಸೇರುತ್ತಿದ್ದರು, ಬಹುತೇಕ ಅಷ್ಟೇ ಜನ ಮೂರನೆಯ ತಿಂಗಳಿಗೆ ಕಾಣೆಯಾಗುತ್ತಿದ್ದರು. ಹೊಳೆಯಲ್ಲಿ ಹುಣಸೆ ತೊಳೆದಂತೆ. ಮೌಲ್ಯಮಾಪನದಲ್ಲಿ ಜನರನ್ನು ವಿಂಗಡಿಸುವ ಚೌಕಗಳಲ್ಲಿ ಆ ವಲಯದವರಿಗೆ ‘ಹೆಚ್ಚಿನ ಸಾಮರ್ಥ್ಯ’ ಎಂಬ ಚೌಕ ಸಿಕ್ಕಿತು, ಗೋವಾದಲ್ಲಿ ನಾಲ್ಕು ದಿನದ ತರಬೇತಿ ಸಿಕ್ಕಿತು. ನನಗೆ ‘ಸ್ಥಿರ’ ಎಂಬ ಚೌಕ. ಕಾರಣ ಕೇಳಿದಾಗ ಮೇಲಿನವರು ನಕ್ಕು, “ಮೇಡಂ, ನೀವು ವಲಯ ನಡೆಸುತ್ತಿದ್ದೀರಿ, ಅವರು ಬೆಳೆಸುತ್ತಿದ್ದಾರೆ” ಎಂದರು.

ನನಗಾದದ್ದು ಇರಲಿ. ಆ ಹೊಲಿಗೆಯವಳ ಪೆಟ್ಟಿಗೆಯಲ್ಲಿ ಎರಡು ಸುತ್ತು ಸತತವಾಗಿ ತಪ್ಪು ಬಣ್ಣ ಬಂತು. ವಾಪಸು ಕಳುಹಿಸಿದ ಮಾಲಿನ ಹಣ ಮರಳಲು ಮೂರು ತಿಂಗಳು ಹಿಡಿಯಿತು. ಅಷ್ಟೂ ದಿನ ಗಿರಾಕಿಗಳಿಗೆ ಆಕೆ ತನ್ನ ಹೊಲಿಗೆಯ ದುಡ್ಡಿನಿಂದ ಹಣ ಹಿಂದಿರುಗಿಸಿದಳು. ರಾಜೀನಾಮೆ ಕೊಡಲು ಆಕೆಗೆ ನೌಕರಿಯೇ ಇರಲಿಲ್ಲವಲ್ಲ. ಸುಮ್ಮನೆ ಆರ್ಡರ್ ಹಾಕುವುದನ್ನು ನಿಲ್ಲಿಸಿದಳು. ಕಂಪನಿಯ ಕಂಪ್ಯೂಟರಿನಲ್ಲಿ ಒಂದು ಹೆಸರು ‘ಸಕ್ರಿಯ’ದಿಂದ ‘ನಿಷ್ಕ್ರಿಯ’ಕ್ಕೆ ಹೋಯಿತು. ಸಂಬಳದ ನೌಕರರು ಬಿಟ್ಟುಹೋಗುವಾಗ ಅರ್ಧ ಗಂಟೆ ಕೂರಿಸಿ ಕಾರಣ ಕೇಳುವ ಪದ್ಧತಿ ನಮ್ಮಲ್ಲಿತ್ತು, ಆದರೆ ಆಕೆಯನ್ನು ಯಾರೂ ಕೇಳಲಿಲ್ಲ.

ಇಆರ್‌ಪಿ ಕೂಲಿ, ಮೈಸೂರು

ಮೇಡಂ ಅವರ ಕೊನೆಯ ಮಾತನ್ನು ಓದಿದಾಗ ಕೆನಡಾದ ಪ್ರಕರಣ ನೆನಪಾಯಿತು. ಕಂಪನಿಯ ಆರ್ಡರ್, ದಾಸ್ತಾನು, ಲೆಕ್ಕಗಳನ್ನು ಒಂದೆಡೆ ನೋಡಿಕೊಳ್ಳುವ ಇಆರ್‌ಪಿ ಎಂಬ ನಮ್ಮ ತಂತ್ರಾಂಶದ ವೃತ್ತಿಯಲ್ಲಿ ಅದು ಬುದ್ಧಿಮಾತಿನಂತೆ ಓಡಾಡುವ ಕಥೆ.

ಏವನ್ ತನ್ನ ಹಳೆಯ ಆರ್ಡರ್ ವ್ಯವಸ್ಥೆಗಳನ್ನೆಲ್ಲ ತೆಗೆದುಹಾಕಿ ಜಗತ್ತಿನಾದ್ಯಂತ ಒಂದೇ ವ್ಯವಸ್ಥೆ ತರಲು ಕೆಲವು ವರ್ಷ ದುಡಿದು, 2013ರಲ್ಲಿ ಅದನ್ನು ಮೊದಲು ಕೆನಡಾದಲ್ಲಿ ಪ್ರಯೋಗಕ್ಕೆ ಇಳಿಸಿತು. ಜಾಗತಿಕ ತಂತ್ರದ ದೃಷ್ಟಿಯಿಂದ ಅದಕ್ಕಿಂತ ಅರ್ಥಪೂರ್ಣವಾದ ಯೋಜನೆ ಇರಲಾರದು: ಪೂರೈಕೆ ಒಂದೆಡೆ, ದಾಸ್ತಾನು ಒಂದೆಡೆ, ಲೆಕ್ಕ ಒಂದೆಡೆ. ಆದರೆ ಆ ಪರದೆಯ ಮುಂದೆ ಕೂರಬೇಕಾಗಿದ್ದ ಪ್ರತಿನಿಧಿಗಳ ದಿನಚರಿಗೆ ಅದು ಹೊಂದಲೇ ಇಲ್ಲ. ಆರ್ಡರ್ ಹಾಕುವುದೇ ಹೆಣಗಾಟವಾಯಿತು ಎಂದು ಪ್ರತಿನಿಧಿಗಳು ದೊಡ್ಡ ಸಂಖ್ಯೆಯಲ್ಲಿ ಬಿಟ್ಟುಹೋದರು. ಆ ವರ್ಷದ ಡಿಸೆಂಬರ್‌ನಲ್ಲಿ ಯೋಜನೆಯನ್ನು ಮುಂದೆ ಬೇರೆ ದೇಶಗಳಿಗೆ ಒಯ್ಯುವುದನ್ನು ನಿಲ್ಲಿಸಿ, 10 ಕೋಟಿಯಿಂದ 12.5 ಕೋಟಿ ಡಾಲರ್‌ನಷ್ಟು ಮೌಲ್ಯವನ್ನು ನಷ್ಟವೆಂದು ಲೆಕ್ಕದ ಪುಸ್ತಕದಿಂದ ತೆಗೆದುಹಾಕಬೇಕಾಗುತ್ತದೆ ಎಂದು ಕಂಪನಿಯೇ ಪ್ರಕಟಿಸಿತು.

ನಾನು ಇಪ್ಪತ್ತು ವರ್ಷಗಳಿಂದ ಕಾರ್ಖಾನೆಗಳಿಗೆ ಇಂಥ ವ್ಯವಸ್ಥೆಗಳನ್ನು ಅಳವಡಿಸುತ್ತಿದ್ದೇನೆ. ಸ್ಟೋರ್ಸ್‌ನ ಗುಮಾಸ್ತರಿಗೆ ಪರದೆ ಇಷ್ಟವಾಗದಿದ್ದರೆ ಬೈದುಕೊಳ್ಳುತ್ತಾ ಬಳಸುತ್ತಾರೆ, ಆರು ತಿಂಗಳಲ್ಲಿ ಒಗ್ಗಿಕೊಳ್ಳುತ್ತಾರೆ. ತಿಂಗಳ ಕೊನೆಗೆ ಸಂಬಳವಿದೆ ಎಂಬುದೇ ನಮ್ಮ ದೊಡ್ಡ ಬಲ. ನೇರ ಮಾರಾಟದ ಪ್ರತಿನಿಧಿಗೆ ಆ ಹಗ್ಗವಿಲ್ಲ. ಆಕೆ ನೌಕರಳಲ್ಲ, ಪೂರ್ತಿ ಗಿರಾಕಿಯೂ ಅಲ್ಲ, ಎರಡೂ ಆಗಿರುವವಳು. ನೌಕರರಿಗೆಂದು ಯೋಚಿಸಿ ಮಾಡಿದ ಯಾವ ವ್ಯವಸ್ಥೆಯೂ, ತಂತ್ರಾಂಶವಿರಲಿ ಮೌಲ್ಯಮಾಪನವಿರಲಿ, ಅವಳ ಮುಂದೆ ಸೋಲುತ್ತದೆ ಎಂದು ನನಗನಿಸುತ್ತದೆ.

ಕಾನೂನು ಓದುವವ, ಧಾರವಾಡ

ಜಾಗತಿಕ ತಂತ್ರದ ಮಾತು ಬಂದದ್ದರಿಂದ ಚೀನಾವನ್ನು ಬಿಟ್ಟು ಮುಂದೆ ಹೋಗಲಾಗದು, ಏಕೆಂದರೆ ಏವನ್‌ನ ಪ್ರತಿಭಾ ನಿರ್ವಹಣೆಗೆ ನಿಜವಾದ ಪರೀಕ್ಷೆ ನಡೆದದ್ದು ಅಲ್ಲಿಯೇ.

1990ರಲ್ಲಿ ಏವನ್ ಚೀನಾಕ್ಕೆ ನೇರ ಮಾರಾಟವನ್ನು ಕೊಂಡೊಯ್ದಿತು. ಅದನ್ನು ನೋಡಿ ಹುಟ್ಟಿಕೊಂಡ ನೂರಾರು ಮೋಸದ ಸರಪಳಿಗಳಿಂದ ಬೇಸತ್ತ ಅಲ್ಲಿನ ಸರ್ಕಾರ 1998ರ ಏಪ್ರಿಲ್‌ನಲ್ಲಿ ನೇರ ಮಾರಾಟವನ್ನೇ ನಿಷೇಧಿಸಿತು. ಕಂಪನಿ ರಾತ್ರೋರಾತ್ರಿ ಚಹರೆ ಬದಲಿಸಿಕೊಂಡು ಅಂಗಡಿಗಳ ಮೂಲಕ ಮಾರತೊಡಗಿತು. ಏಳು ವರ್ಷಗಳಲ್ಲಿ ಸಾವಿರಾರು ಪುಟ್ಟ ಸೌಂದರ್ಯ ಮಳಿಗೆಗಳು ಎದ್ದವು. 2005ರಲ್ಲಿ ಗಾಳಿ ಮತ್ತೆ ತಿರುಗಿತು. ಡಿಸೆಂಬರ್‌ನಲ್ಲಿ ಹೊಸ ನಿಯಮ ಜಾರಿಯಾಯಿತು, ಬಹುಹಂತದ ಕಮಿಷನ್ ನಿಷಿದ್ಧ, ಮಾರಾಟಗಾರರಿಗೆ ಕೊಡುವ ಪ್ರತಿಫಲ ಅವರ ಮಾರಾಟದ ಶೇಕಡಾ 30ನ್ನು ಮೀರಬಾರದು ಎಂಬ ಷರತ್ತುಗಳೊಂದಿಗೆ. 2006ರ ಆರಂಭದಲ್ಲಿ ಮೊದಲ ಪರವಾನಗಿ ಏವನ್‌ಗೆ ಸಿಕ್ಕಿತು. ಅಂಗಡಿ ಹಾಕಿಕೊಂಡು ಕುಳಿತಿದ್ದವರು ‘ಈಗ ನಮ್ಮ ಗಿರಾಕಿಗಳ ಮನೆಗೇ ನೀವು ಜನರನ್ನು ಕಳುಹಿಸುತ್ತೀರಾ’ ಎಂದು ಕೆರಳಿದರು. ತನ್ನವರ ಎದುರು ತನ್ನವರನ್ನೇ ನಿಲ್ಲಿಸಿದ ಆ ಇಕ್ಕಟ್ಟಿಗೆ ಯಾವ ಪಠ್ಯಪುಸ್ತಕದಲ್ಲಿಯೂ ಸುಲಭದ ಉತ್ತರವಿಲ್ಲ.

ಆ ಪರವಾನಗಿಯ ಹಿಂದಿನ ಕಥೆ ಆಮೇಲೆ ಹೊರಬಿತ್ತು. ಏವನ್‌ನ ಚೀನಾ ಅಂಗಸಂಸ್ಥೆ ಅಲ್ಲಿನ ಅಧಿಕಾರಿಗಳಿಗೆ ನಗದು, ಪ್ರವಾಸ, ದುಬಾರಿ ಕೈಚೀಲ, ಔತಣ ಮುಂತಾದ ರೂಪಗಳಲ್ಲಿ ಸುಮಾರು 80 ಲಕ್ಷ ಡಾಲರ್‌ನಷ್ಟು ಸಲ್ಲಿಸಿ, ಅದನ್ನು ಲೆಕ್ಕದಲ್ಲಿ ಬೇರೆ ಹೆಸರಿನಿಂದ ಬರೆದಿತ್ತು. ಅಮೆರಿಕದ ಅಧಿಕಾರಿಗಳು ಹೇಳಿದ ಪ್ರಕಾರ, ಆಂತರಿಕ ಲೆಕ್ಕಪರಿಶೋಧನೆಯಲ್ಲಿ 2005ರಲ್ಲೇ ಇದರ ಸುಳಿವು ಸಿಕ್ಕಿದ್ದರೂ ಸರಿಪಡಿಸುವ ಬದಲು ಮುಚ್ಚಿಹಾಕಲಾಯಿತು. 2014ರ ಡಿಸೆಂಬರ್‌ನಲ್ಲಿ ಚೀನಾ ಅಂಗಸಂಸ್ಥೆ ತಪ್ಪೊಪ್ಪಿಕೊಂಡಿತು, ಒಟ್ಟು 13.5 ಕೋಟಿ ಡಾಲರ್ ತೆತ್ತು ಪ್ರಕರಣ ಇತ್ಯರ್ಥವಾಯಿತು. ವರ್ಷಗಳ ಕಾಲ ನಡೆದ ತನಿಖೆಗೆ ವಕೀಲರಿಗೆ ಕೊಟ್ಟ ಹಣ ಅದಕ್ಕಿಂತಲೂ ಹೆಚ್ಚು.

ಎಚ್‌ಆರ್ ಸರ್ ಅವರು ಹೇಳಿದ ಸೂತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ‘ಮುಚ್ಚಿಟ್ಟದ್ದನ್ನು ತೆರೆದಿಡಬೇಕು’ ಎಂಬ ಮಾತು ಮೌಲ್ಯಮಾಪನದ ಹಾಳೆಗೆ ಸೇರಿದ ಹೊತ್ತಿನಲ್ಲಿಯೇ, ಅದೇ ಕಟ್ಟಡದ ಇನ್ನೊಂದು ಮಹಡಿಯಲ್ಲಿ ಪರಿಶೋಧನಾ ವರದಿ ಕಪಾಟು ಸೇರಿತ್ತು. ಪ್ರಪಂಚದಲ್ಲಿಯೇ ಅತಿ ಕಷ್ಟದ ಮಾರುಕಟ್ಟೆಯಲ್ಲಿ ಪರವಾನಗಿ ತಂದವರು ಆ ಹಾಳೆಯಲ್ಲಿ ಯಾವ ಚೌಕಕ್ಕೆ ಬೀಳುತ್ತಿದ್ದರು ಎಂಬುದನ್ನು ನೀವೇ ಊಹಿಸಿ.

ಲೆಕ್ಕಿಗ, ಮಂಗಳೂರು

ಒಪ್ಪಿದೆ. ಆದರೂ ಒಂದು ಮಾತು. ಉತ್ತರಾಧಿಕಾರಿ ಏಕೆ ಸಿಗಲಿಲ್ಲ ಎಂಬುದಕ್ಕೆ ನನ್ನ ಉತ್ತರ ಇಷ್ಟು: ಕಂಪನಿಯ ಒಳಗೆ ಕೆಳಗಿನಿಂದ ಬೆಳೆದವರೂ ಇದ್ದರು. ಚಿಕ್ಕ ಹುದ್ದೆಯಿಂದ ಆರಂಭಿಸಿ ಮೂರು ದಶಕಕ್ಕೂ ಹೆಚ್ಚು ಕಾಲ ದುಡಿದು, ಜಂಗ್ ಅವರ ನಂತರದ ಸ್ಥಾನಕ್ಕೆ ಏರಿದ ಸೂಸನ್ ಕ್ರಾಫ್ ಅಂಥವರು. ಪುನರ್ರಚನೆಯ ಹೊತ್ತಿಗೆ ಕ್ರಾಫ್ ನಿವೃತ್ತರಾದರು. ಬ್ರ್ಯಾಂಡಿನ ಹೊಣೆ ಹೊರಲು ಹೊರಗಿನ ಕ್ರಾಫ್ಟ್ ಕಂಪನಿಯಿಂದ ಬಂದ ಎಲಿಜಬೆತ್ ಸ್ಮಿತ್ ಅಧ್ಯಕ್ಷೆಯಾದರು, 2009ರಲ್ಲಿ ಅವರೂ ಬೇರೆ ಕಡೆಗೆ ಹೋದರು. ಬಿಸ್ಕೆಟ್, ಬ್ಲೇಡ್, ಸೋಪು ಮಾರಿದವರನ್ನು ಕರೆತಂದರೆ ಬ್ರ್ಯಾಂಡ್ ಗೊತ್ತಿರುತ್ತದೆ; ಪ್ರತಿನಿಧಿ ಯಾಕೆ ಬಿಟ್ಟುಹೋಗುತ್ತಾಳೆ ಎಂಬುದು ಮೈಗೂಡಲು ವರ್ಷಗಳು ಬೇಕು. ಅಷ್ಟರಲ್ಲಿ ಅವರ ಅವಧಿ ಮುಗಿದಿರುತ್ತದೆ.

ಹಳೆಯ ಎಚ್‌ಆರ್, ಬೆಂಗಳೂರು

ಲೆಕ್ಕಿಗ ಅವರೇ, ನೀವು ನನ್ನನ್ನು ವಿರೋಧಿಸುತ್ತಲೇ ನನ್ನ ವಾದಕ್ಕೆ ಸಾಕ್ಷಿ ನುಡಿದಿರಿ. ಎಲ್ಲರ ಬರಹಗಳನ್ನು ಓದಿದ ಮೇಲೆ ನನಗನಿಸುವುದನ್ನು ಹೇಳುತ್ತೇನೆ. ಒಂದು ಹಾಳೆಯ ಪದ್ಧತಿ ತಪ್ಪಾಗಿರಲಿಲ್ಲ. ಅಳೆಯಲು ಅದು ಆರಿಸಿಕೊಂಡ ಜನರ ಆಯ್ಕೆ ತಪ್ಪಾಗಿತ್ತು. ಕಂಪನಿಯ ಸರಕನ್ನು ಕಂಪನಿಯೇ ಮಾರುವ ಕಡೆ, ಸಂಬಳದ ಪಟ್ಟಿಯಲ್ಲಿರುವವರನ್ನು ಅಳೆದರೆ ಪ್ರತಿಭೆಯ ಬಹುಪಾಲು ಅಳತೆಗೆ ಸಿಗುತ್ತದೆ. ನೇರ ಮಾರಾಟದಲ್ಲಿ ಹಾಗಲ್ಲ. 40 ಸಾವಿರ ಜನರನ್ನು ಎಷ್ಟು ಚೊಕ್ಕವಾಗಿ ಅಳೆದರೂ ಅದು 50 ಲಕ್ಷ ಜನರ ನೆರಳನ್ನು ಅಳೆದಂತೆ. ಅಳೆಯಲೇಬೇಕಿದ್ದರೆ ಆರಂಭಿಸಬೇಕಾದದ್ದು ಹುಬ್ಬಳ್ಳಿಯ ಮೇಡಂ ನಿಂತಿದ್ದ ಜಾಗದಿಂದ, ಸಂಬಳವಿರುವವರ ಸಾಲಿನ ಕೊನೆ ಮತ್ತು ಇಲ್ಲದವರ ಸಾಲಿನ ಮೊದಲು ಸೇರುವಲ್ಲಿಂದ. ನಮ್ಮ ತರಬೇತಿಗಳಲ್ಲಿ ಮೇಲಿನ ಇನ್ನೂರು ಜನರ ಪಟ್ಟಿಯಿಂದ ಆರಂಭಿಸಿ ಕೆಳಗಿಳಿಯುವುದೇ ರೂಢಿ. ನಾನೂ ಹಾಗೆಯೇ ಕಲಿಸಿದೆ.

ಬ್ರೆಜಿಲ್‌ನ ನಾಟುರಾ ಈ ವಿಷಯದಲ್ಲಿ ಬೇರೆ ಹಾದಿ ಹಿಡಿದಿತ್ತು ಎಂಬುದನ್ನು ಸೇರಿಸಬೇಕು. ಆಂಟೋನಿಯೊ ಲೂಯಿಸ್ ಸೀಬ್ರಾ 1969ರಲ್ಲಿ ಸಾವೊಪಾಲೊದಲ್ಲಿ ಆರಂಭಿಸಿ, 1974ರಿಂದ ನೇರ ಮಾರಾಟಕ್ಕೆ ಇಳಿದ ಕಂಪನಿ ಅದು. ಅಲ್ಲಿ ಪ್ರತಿನಿಧಿಗಳನ್ನು ಸಲಹೆಗಾರ್ತಿಯರು ಎಂದೇ ಕರೆಯುತ್ತಾರೆ. 1995ರಿಂದ ಒಂದು ಪ್ರತ್ಯೇಕ ಸಾಲಿನ ಸರಕುಗಳನ್ನು ಆ ಸಲಹೆಗಾರ್ತಿಯರೂ ಕಂಪನಿಯೂ ಲಾಭ ಇಟ್ಟುಕೊಳ್ಳದೆ ಮಾರಿ, ಬಂದ ಹಣವನ್ನು ಶಾಲಾ ಶಿಕ್ಷಣಕ್ಕೆ ಕೊಡುತ್ತಾರೆ. ತನಗೆ ಪೈಸೆ ಲಾಭವಿಲ್ಲದ ಸರಕನ್ನು ಮಾರಲು ಲಕ್ಷಾಂತರ ಹೆಂಗಸರು ಒಪ್ಪುತ್ತಾರೆ ಎಂದರೆ ಅವರಿಗೂ ಕಂಪನಿಗೂ ನಡುವೆ ಕಮಿಷನ್ನಿನ ಆಚೆಗೆ ಏನೋ ಇದೆ ಎಂದಾಯಿತು. ಹಾಗೆಂದು ಅವರನ್ನು ತಲೆಯ ಮೇಲೆ ಹೊತ್ತುಕೊಳ್ಳುವುದೂ ಬೇಡ. ದಿ ಬಾಡಿ ಶಾಪ್, ಏವನ್ ಎಂದು ಕೊಂಡದ್ದೆಲ್ಲ ಸಾಲದ ಹೊರೆಯಾಗಿ, 2023ರಲ್ಲಿ ಈಸಪ್ ಎಂಬ ತನ್ನ ಇನ್ನೊಂದು ಸೌಂದರ್ಯ ಸಾಮಗ್ರಿಯ ಕಂಪನಿ ಮತ್ತು ದಿ ಬಾಡಿ ಶಾಪ್ ಎರಡನ್ನೂ ಮಾರಬೇಕಾಯಿತು. ಏವನ್‌ನ ಮೂಲ ಸಂಸ್ಥೆ 2024ರ ಆಗಸ್ಟ್‌ನಲ್ಲಿ, ಟಾಲ್ಕಮ್ ಪೌಡರಿನ ದಾವೆಗಳ ಭಾರ ತಾಳಲಾರದೆ, ಅಮೆರಿಕದ ನ್ಯಾಯಾಲಯದಲ್ಲಿ ದಿವಾಳಿ ರಕ್ಷಣೆ ಕೋರಿತು.

ಕಾನೂನು ಓದುವವ, ಧಾರವಾಡ

ನಮ್ಮ ದೇಶದ ಮಟ್ಟಿಗೆ ಒಂದು ಬದಲಾವಣೆ ಕಾನೂನಿನ ದಾರಿಯಿಂದಲೇ ಬಂದಿದೆ. 2021ರ ಡಿಸೆಂಬರ್‌ನಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬಂದ ನೇರ ಮಾರಾಟದ ನಿಯಮಗಳು, ಜನರನ್ನು ಸೇರಿಸಿದ್ದಕ್ಕೇ ದುಡ್ಡು ಕೊಡುವ ಪಿರಮಿಡ್ ಪದ್ಧತಿಯನ್ನು ನಿಷೇಧಿಸಿದ್ದಲ್ಲದೆ, ಪ್ರತಿನಿಧಿಗಳು ಮಾಡಿದ ಮಾರಾಟದಿಂದ ಏಳುವ ದೂರುಗಳಿಗೆ ಕಂಪನಿಯನ್ನೇ ಹೊಣೆ ಮಾಡಿವೆ. ಪ್ರತಿನಿಧಿಗಳ ದಾಖಲೆ ಇಡಬೇಕು, ಗುರುತಿನ ಚೀಟಿ ಕೊಡಬೇಕು. ಗುರುತಿನ ಚೀಟಿ ಮತ್ತು ಮುಂಚಿತವಾಗಿ ಪಡೆದ ಒಪ್ಪಿಗೆ ಇಲ್ಲದೆ ಪ್ರತಿನಿಧಿ ಗ್ರಾಹಕರ ಮನೆಗೆ ಹೋಗುವಂತಿಲ್ಲ. ‘ಅವರು ನಮ್ಮ ನೌಕರರಲ್ಲ’ ಎಂದು ಕೈ ತೊಳೆದುಕೊಳ್ಳುವ ದಾರಿ ಇದರಿಂದ ಕಿರಿದಾಗಿದೆ. ಆದರೆ ನಿಯಮ ನೋಡುವುದು ಗ್ರಾಹಕರ ಕಡೆಯಿಂದ. ಹೊಲಿಗೆಯ ಅಕ್ಕನ ಮೂರು ತಿಂಗಳ ಬಾಕಿಗೆ ಇದರಿಂದ ಎಷ್ಟು ಬಲ ಸಿಗುತ್ತಿತ್ತು ಎಂಬುದು ಆಕೆ ಸಹಿ ಹಾಕಿದ ಒಪ್ಪಂದದ ಮೇಲೆ ನಿಂತಿದೆ, ಆ ಒಪ್ಪಂದವನ್ನು ಬರೆದದ್ದು ಕಂಪನಿ.

ಇಆರ್‌ಪಿ ಕೂಲಿ, ಮೈಸೂರು

ಹುಬ್ಬಳ್ಳಿಯ ಮೇಡಂ, ನಿಮ್ಮ ಕೈಗೆ ಆ ಒಂದು ಹಾಳೆ ಕೊಟ್ಟು, ನಾಲ್ಕನೆಯ ಅಂಕಣವನ್ನು ನೀವೇ ಬರೆಯಿರಿ ಎಂದಿದ್ದರೆ ಏನು ಬರೆಯುತ್ತಿದ್ದಿರಿ? ಕೆಲಸದವನ ಕುತೂಹಲದಿಂದ ಕೇಳುತ್ತಿದ್ದೇನೆ, ವ್ಯಂಗ್ಯವಿಲ್ಲ.

ಹುಬ್ಬಳ್ಳಿಯವಳು

ಸೇರಿ ಒಂದು ವರ್ಷವಾದ ಪ್ರತಿನಿಧಿಗಳಲ್ಲಿ ಎಷ್ಟು ಜನ ಇನ್ನೂ ಆರ್ಡರ್ ಹಾಕುತ್ತಿದ್ದಾರೆ ಎಂದು ಬರೆಯುತ್ತಿದ್ದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ನಿಲ್ಲಿಸಿದವರನ್ನು ಮಾತನಾಡಿಸಿದ್ದೀರಾ, ಏನೆಂದರು ಎಂದು ಎರಡು ಸಾಲು ಖಾಲಿ ಬಿಡುತ್ತಿದ್ದೆ. ಅಂಕಿ ಹೇಗಾದರೂ ಕಂಪ್ಯೂಟರಿನಿಂದ ಬರುತ್ತದೆ, ಆ ಎರಡು ಸಾಲು ತುಂಬಲು ಮ್ಯಾನೇಜರ್ ಬಿಸಿಲಿನಲ್ಲಿ ಹೋಗಬೇಕಾಗುತ್ತದೆ. ಹಾಗೆ ಹೋಗುವವರನ್ನೇ ಮೇಲೆ ತರಬೇಕೆಂಬುದು ನನ್ನ ಅಭಿಪ್ರಾಯ, ಗೋವಾದ ತರಬೇತಿ ಆಮೇಲಿನ ಮಾತು.

ಕೆಲಸ ಬಿಟ್ಟ ವರ್ಷ ನಾನೇ ಆಕೆಯ ಮನೆಗೆ ಹೋಗಿದ್ದೆ. ಬಾಕಿ ಹಣವೇನೋ ಬಂದಿತ್ತು. ಮತ್ತೆ ಕ್ಯಾಟಲಾಗ್ ಹಿಡಿಯುವ ಮನಸ್ಸು ಆಕೆಗಿರಲಿಲ್ಲ. ಸ್ತ್ರೀಶಕ್ತಿ ಸಂಘದವರು ಮಾಡಿದ ಶಾವಿಗೆ, ಶೇಂಗಾ ಚಟ್ನಿಪುಡಿಗಳನ್ನು ಅದೇ ಮುಂದಿನ ಕೋಣೆಯಿಂದ ಮಾರುತ್ತಿದ್ದಳು. ನೋಟ್‌ಬುಕ್ ಹೊಲಿಗೆ ಯಂತ್ರದ ಖಾನೆಯಲ್ಲೇ ಇತ್ತು. ಲಿಪ್‌ಸ್ಟಿಕ್ಕಿನ ನಂಬರುಗಳನ್ನು ಒಂದೊಂದಾಗಿ ಗೆರೆ ಎಳೆದು ಹೊಡೆದು, ಯಾರ ಮನೆಯಲ್ಲಿ ಖಾರ ಎಷ್ಟು ತಿನ್ನುತ್ತಾರೆ ಎಂಬುದನ್ನು ಪಕ್ಕದಲ್ಲಿ ಬರೆದುಕೊಂಡಿದ್ದಳು.